ಬೀರುವಿಗೆ ಬೀಗ ಹಾಕಿದರೆ ಸಾಕೆ?

(ಉಪಾಧ್ಯಾಯರು, ಪೋಷಕರು ಹಾಗೂ ವಿದ್ಯಾರ್ಥಿಗಳು ಸೇರಿದ್ದ ಮಧುಗಿರಿಯ ಸಭೆಯೊಂದರಲ್ಲಿ ನಿವೃತ್ತ ಹೈಸ್ಕೂಲು ಉಪಾಧ್ಯಾಯರೊಬ್ಬರು ಮಾಡಿದ ಭಾಷಣ.)

ಅಧ್ಯಕ್ಷರೇ, ಉಪಾಧ್ಯಾಯ ಮಿತ್ರರೇ, ತಾಯಂದಿರೇ, ತಂದೆಯರೇ, ಹಿಂದಿನ ಸಾಲುಗಳಲ್ಲಿ ಕುಳಿತಿರುವ ವಿದ್ಯಾರ್ಥಿಗಳೇ,

ವಿದ್ಯಾರ್ಥಿಗಳನ್ನು ಕೊನೆಯಲ್ಲಿ ಕರೆದೆನೆಂದು ಅವರು ಬೇಸರಿಸಬಾರದು. ಈ ದಿನದ ಮಾತೆಲ್ಲ ಅವರನ್ನು ಕುರಿತದ್ದು. ಮಕ್ಕಳ ವಿಚಾರವನ್ನು ಮಕ್ಕಳನ್ನು ಹೊರಗೆ ಕಳಿಸಿ ಮಾತನಾಡುವುದು ನಮ್ಮಲ್ಲಿ ಹಳೆಯ ರೂಢಿ. ಈ ಸಭೆಗೂ ಅವರು ಬೇಡವೆಂದು ಕೆಲವರು ಹೇಳಿದರಂತೆ. ಅವರಿಲ್ಲದ ಸಭೆಗೆ ನಾನೂ ಬರುವುದಿಲ್ಲವೆಂದು ಹೇಳಿ ಕಳಿಸಿದೆ. ವ್ಯವಸ್ಥಾಪಕರು ಒಪ್ಪಿದರು. ಅದಕ್ಕಾಗಿ ಅವರಿಗೆ ನನ್ನ ವಂದನೆ.

ವಿಷಯ ತಮಗೆ ತಿಳಿದದ್ದೇ. ನಮ್ಮ ಕಡೆಯ ಒಂದು ಶಾಲೆ, ಹೆಸರು ಬೇಡ. ಹತ್ತನೆಯ ತರಗತಿಯ ಹುಡುಗಿಯೊಬ್ಬಳ ಚೀಲದಲ್ಲಿ ಒಂದು ಇಂಗ್ಲಿಷ್ ಕಾದಂಬರಿ ಸಿಕ್ಕಿತು. ಅದು ಶಾಲೆಯ ಪುಸ್ತಕದ ಬೀರುವಿನಿಂದಲೇ ತೆಗೆದುಕೊಂಡದ್ದು. ಯಾರೋ ಪುಣ್ಯಾತ್ಮರು ದಾನ ಕೊಟ್ಟ ಪುಸ್ತಕಗಳ ಕಟ್ಟಿನಲ್ಲಿ ಬಂದಿತ್ತು. ಹುಡುಗಿಯ ತಂದೆ ಬಲ್ಲವರಿಂದ ಅದನ್ನು ಓದಿಸಿ ಕೇಳಿದರು. ಆತ್ಮಹತ್ಯೆ ಮಾಡಿಕೊಂಡ ಹುಡುಗಿಯ ಕಥೆ ಎಂದು ತಿಳಿದು ಗಾಬರಿಬಿದ್ದರು. ಶಾಲೆಗೆ ಬಂದು ಕೂಗಾಡಿದರು. ಮಾರನೆಯ ದಿನ ಬೀರುವಿಗೆ ಬೀಗ ಬಿತ್ತು. ಆ ಒಂದು ಪುಸ್ತಕಕ್ಕೆ ಮಾತ್ರವಲ್ಲ. ಕುವೆಂಪು, ಕಾರಂತರೂ ಒಳಗೇ ಉಳಿದರು.

ಆ ತಂದೆಯನ್ನು ನಾನು ಹಾಸ್ಯ ಮಾಡಲಾರೆ. ಮಗಳ ಚೀಲದಲ್ಲಿ ಸಾವಿನ ಕಥೆ ಕಂಡ ತಂದೆ ಹೆದರದೆ ಇನ್ನೇನು ಮಾಡಿಯಾರು? ಆದರೆ ಅವರು ಹೆದರಿದ್ದು ಸರಿಯಾದದ್ದಕ್ಕೇ ಹೌದೆ, ಬೀಗ ಬಿದ್ದದ್ದು ಸರಿಯಾದ ಬಾಗಿಲಿಗೇ ಹೌದೆ ಎಂಬುದನ್ನು ನಾವು ವಿಚಾರ ಮಾಡಬೇಕಾಗಿದೆ.

ಮೊದಲು ಪುಸ್ತಕ. ಅದನ್ನು ಬೈದವರಲ್ಲಿ ಓದಿದವರು ಕಡಮೆ. ಅಮೆರಿಕದ ಜೇ ಆಶರ್ ಎಂಬವರು 2007ರಲ್ಲಿ ಬರೆದದ್ದು; ಹೆಸರು ‘ಥರ್ಟೀನ್ ರೀಸನ್ಸ್ ವೈ’, ಎಂದರೆ ಹದಿಮೂರು ಕಾರಣಗಳು. ಹ್ಯಾನಾ ಬೇಕರ್ ಎಂಬ ಹೈಸ್ಕೂಲು ಹುಡುಗಿ ಸಾಯುವ ಮುನ್ನ ಏಳು ಕ್ಯಾಸೆಟ್ಟುಗಳಲ್ಲಿ ತನ್ನ ಕಥೆಯನ್ನು ಹೇಳಿಟ್ಟಿರುತ್ತಾಳೆ. ಯಾರು ತನ್ನ ಮೇಲೆ ಗಾಳಿಮಾತು ಹಬ್ಬಿಸಿದರು, ಯಾರು ಸ್ನೇಹ ಮುರಿದರು, ಯಾರು ಮೈಮೇಲೆ ಕೈ ಹಾಕಿದರು, ಎಲ್ಲವನ್ನೂ ಹೆಸರು ಹಿಡಿದು ಹೇಳುತ್ತಾಳೆ. ಆ ಕ್ಯಾಸೆಟ್ಟುಗಳು ಅದೇ ಜನರ ಕೈಯಿಂದ ಕೈಗೆ ಹೋಗುತ್ತವೆ. 2017ರ ಮಾರ್ಚಿಯಲ್ಲಿ ನೆಟ್‌ಫ್ಲಿಕ್ಸ್‌ನವರು ಇದನ್ನು ಸರಣಿ ಮಾಡಿ ತೋರಿಸಿದರು. ಅಲ್ಲಿಂದ ರಂಪವೆದ್ದಿತು. ಆ ವರ್ಷ ಅಮೆರಿಕದಲ್ಲಿ ಗ್ರಂಥಾಲಯಗಳಿಂದ ತೆಗೆಯಿರಿ ಎಂದು ಅತಿ ಹೆಚ್ಚು ದೂರು ಬಂದ ಪುಸ್ತಕ ಇದೇ ಎಂದು ಅಲ್ಲಿನ ಗ್ರಂಥಾಲಯ ಸಂಘ ಹೇಳಿತು. ಹುಡುಗಿಯ ಸಾವನ್ನು ಕಣ್ಣೆದುರು ತೋರಿಸಿದ್ದ ದೃಶ್ಯವನ್ನು ವೈದ್ಯರ ಸಲಹೆಯಂತೆ 2019ರ ಜುಲೈಯಲ್ಲಿ ನೆಟ್‌ಫ್ಲಿಕ್ಸ್‌ನವರೇ ಕತ್ತರಿಸಿಹಾಕಿದರು.

ಕಥೆ ನಿಜವಾಗಿಯೂ ಮಕ್ಕಳನ್ನು ಕೊಲ್ಲುತ್ತದೆಯೆ? ಈ ಪ್ರಶ್ನೆ ಹೊಸದಲ್ಲ. ಜರ್ಮನಿಯ ಗಯಟೆ 1774ರಲ್ಲಿ ವರ್ಟರ್ ಎಂಬ ತರುಣನ ಕಾದಂಬರಿ ಬರೆದ. ಪ್ರೇಮದಲ್ಲಿ ಸೋತ ಆ ತರುಣ ಕೊನೆಗೆ ಪ್ರಾಣ ಕಳೆದುಕೊಳ್ಳುತ್ತಾನೆ. ಯುರೋಪಿನ ಹುಡುಗರು ಅವನ ಹಾಗೆಯೇ ನೀಲಿ ಕೋಟು, ಹಳದಿ ನಡುವಂಗಿ ತೊಟ್ಟು ತಿರುಗಿದರು. ಕೆಲವರು ಅವನ ಹಾಗೆಯೇ ಸತ್ತರೆಂಬ ಸುದ್ದಿಯೂ ಹಬ್ಬಿತು. ಲೈಪ್ಸಿಗ್ ನಗರದವರು 1775ರಲ್ಲಿ ಪುಸ್ತಕವನ್ನೂ ನಿಷೇಧಿಸಿದರು, ಆ ಉಡುಪನ್ನೂ ನಿಷೇಧಿಸಿದರು. ಇನ್ನೂರು ವರ್ಷಗಳ ಮೇಲೆ, 1974ರಲ್ಲಿ, ಡೇವಿಡ್ ಫಿಲಿಪ್ಸ್ ಎಂಬ ವಿದ್ವಾಂಸರು ಲೆಕ್ಕ ಹಾಕಿ ನೋಡಿದರು. ಆತ್ಮಹತ್ಯೆಯ ಸುದ್ದಿ ಪತ್ರಿಕೆಗಳ ಮುಖಪುಟದಲ್ಲಿ ದೊಡ್ಡದಾಗಿ ಬಂದ ಮೇಲೆ ಅಂಥ ಸಾವುಗಳು ಹೆಚ್ಚುತ್ತವೆಂದು ಅವರಿಗೆ ಕಂಡುಬಂದಿತು. ಇದಕ್ಕೆ ಅವರು ವರ್ಟರ್ ಪರಿಣಾಮವೆಂದು ಹೆಸರಿಟ್ಟರು. ಈ ಅಮೆರಿಕದ ಸರಣಿಯ ಮೇಲೂ ವಾದವಿದೆ. ಅದು ಬಂದ ಮರುತಿಂಗಳಲ್ಲಿ 10ರಿಂದ 17 ವರ್ಷದವರ ಆತ್ಮಹತ್ಯೆಗಳು ಶೇಕಡ 28.9ರಷ್ಟು ಏರಿದುವೆಂದು 2019ರಲ್ಲಿ ಒಂದು ಅಧ್ಯಯನ ಹೇಳಿತು. ಅದೇ ಅಂಕಿಗಳನ್ನು ಮತ್ತೊಮ್ಮೆ ಪರಿಶೀಲಿಸಿದ ಇನ್ನೊಬ್ಬರು, ಹಾಗೆ ಹೇಳಲು ಆಧಾರ ಸಾಲದೆಂದರು.

ಆದ್ದರಿಂದ, ಕಥೆಗೆ ಏನೂ ಶಕ್ತಿ ಇಲ್ಲವೆಂದು ನಾನು ವಾದಿಸುವುದಿಲ್ಲ. ಶಕ್ತಿ ಇಲ್ಲದ ಕಥೆಯನ್ನು ನಾವು ಮಕ್ಕಳಿಗೆ ಹೇಳುವುದಾದರೂ ಏಕೆ? ಈ ಕಾದಂಬರಿಯಲ್ಲಿ ಒಂದು ದೊಡ್ಡ ಸುಳ್ಳು ಇದೆ ಎಂಬುದನ್ನೂ ಒಪ್ಪುತ್ತೇನೆ. ಸತ್ತ ಹುಡುಗಿ ಕಥೆಯ ಉದ್ದಕ್ಕೂ ಮಾತನಾಡುತ್ತಲೇ ಇರುತ್ತಾಳೆ. ತಪ್ಪು ಮಾಡಿದವರು ಅಳುವುದು, ನಡುಗುವುದು ಎಲ್ಲವನ್ನೂ ಅವಳೇ ನಿಂತು ನೋಡುತ್ತಿರುವ ಹಾಗೆ ಓದುವವರಿಗೆ ಅನಿಸುತ್ತದೆ. ಹದಿನೈದು ವರ್ಷದ ಮನಸ್ಸಿಗೆ ಇದು ರುಚಿಸುವ ವಿಚಾರ. ನಾನು ಹೋದ ಮೇಲೆ ಇವರಿಗೆಲ್ಲ ಗೊತ್ತಾಗುತ್ತದೆ ಎಂದು ಒಮ್ಮೆಯಾದರೂ ಅಂದುಕೊಳ್ಳದ ಮಕ್ಕಳು ಯಾರಿದ್ದಾರೆ? ಆದರೆ ಸತ್ತವರು ಏನನ್ನೂ ನೋಡುವುದಿಲ್ಲ, ಕೇಳುವುದಿಲ್ಲ. ತಪ್ಪು ಮಾಡಿದವನು ಆರು ತಿಂಗಳಲ್ಲಿ ಮರೆಯುತ್ತಾನೆ. ಮರೆಯಲಾರದವರು ತಾಯಿ, ತಂದೆ, ಒಡಹುಟ್ಟಿದವರು; ಏನೂ ತಪ್ಪು ಮಾಡದವರು.

ಆದರೆ ಇಂಥ ಕಥೆ ನಮಗೆ ಅಮೆರಿಕದಿಂದಲೇ ಬರಬೇಕಾಗಿತ್ತೆ? ಗೋವಿನ ಹಾಡನ್ನು ಹಾಡದ ಕನ್ನಡ ಶಾಲೆ ಇಲ್ಲ. ಅದರ ಕೊನೆಯಲ್ಲಿ ಹುಲಿ ಪಶ್ಚಾತ್ತಾಪದಿಂದ ಪ್ರಾಣ ಬಿಡುತ್ತದೆ. ಕೆರೆಗೆ ಹಾರದ ಕಥೆಯಲ್ಲಿ ಮನೆಯವರೆಲ್ಲ ಸೇರಿ ಕಿರಿಯ ಸೊಸೆ ಭಾಗೀರಥಿಯನ್ನು ಕೆರೆಗೆ ಬಲಿ ಕೊಡುತ್ತಾರೆ. ತಿಳಿದು ಬಂದ ಗಂಡ ಮಾದೇವರಾಯನೂ ಅದೇ ಕೆರೆಯ ಪಾಲಾಗುತ್ತಾನೆ. ನಮ್ಮ ಅಜ್ಜಿಯರು ಇದನ್ನು ರಾಗಿ ಬೀಸುತ್ತ ಹಾಡಿದರು. ಯಾರೂ ಅವರ ಬಾಯಿಗೆ ಬೀಗ ಹಾಕಲಿಲ್ಲ. ಏಕೆಂದರೆ ಹಾಡುವವಳು ಪಕ್ಕದಲ್ಲೇ ಇದ್ದಳು. ಮಗು ಅತ್ತರೆ ಮಡಿಲಿಗೆಳೆದುಕೊಳ್ಳುತ್ತಿದ್ದಳು. ಪಾಪ, ಆ ಹುಡುಗಿಗೆ ಹೀಗೆ ಮಾಡಬಾರದಾಗಿತ್ತು ಎಂದು ತಾನೂ ಕಣ್ಣೊರಸಿಕೊಳ್ಳುತ್ತಿದ್ದಳು. ಕಥೆಯ ವಿಷಕ್ಕೆ ಅದೇ ಮದ್ದು. ಈಗ ಮಗು ಅದೇ ಬಗೆಯ ಕಥೆಯನ್ನು ರಾತ್ರಿ ಹನ್ನೊಂದಕ್ಕೆ ಹೊದಿಕೆಯೊಳಗೆ ಮೊಬೈಲಿನಲ್ಲಿ ಒಂಟಿಯಾಗಿ ನೋಡುತ್ತದೆ. ಕಥೆಗಿಂತ ನನಗೆ ಆ ಒಂಟಿತನದ ಭಯವೇ ಹೆಚ್ಚು.

ಅಜ್ಜಿಯರ ಹಾಡು ಹಳೆಯದಾಯಿತೆನ್ನುವಿರಾದರೆ ನಮ್ಮ ಕಾಲದ್ದೇ ಒಂದನ್ನು ಹೇಳುತ್ತೇನೆ. ಶಿರಾದಿಂದ ಹೆದ್ದಾರಿಯಲ್ಲಿ ಹಿರಿಯೂರು ದಾಟಿದರೆ ಚಿತ್ರದುರ್ಗ. ಆ ಜಿಲ್ಲೆಯ ತಳುಕಿನ ಮನೆತನದವರು ತ.ರಾ.ಸು. ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಕೂಡಿಸಿ ಪುಟ್ಟಣ್ಣ ಕಣಗಾಲರು ‘ನಾಗರಹಾವು’ ಚಿತ್ರ ಮಾಡಿದರು. ಅದು 1972ರ ಡಿಸೆಂಬರ್ ಕೊನೆಯಲ್ಲಿ ಬಿಡುಗಡೆಯಾಯಿತು. ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರೆಂದು ತ.ರಾ.ಸು. ಅವರೇ ಮುನಿದು ಹೇಳಿದ ಮಾತು ನಾಡಿನಲ್ಲೆಲ್ಲ ಪ್ರಸಿದ್ಧ. ಲೇಖಕರು ಮುನಿದರು, ಜನ ಮಾತ್ರ ಮುಗಿಬಿದ್ದು ನೋಡಿದರು. ಒರಟು ಹುಡುಗ ರಾಮಾಚಾರಿ. ಅವನನ್ನು ಮಗನಂತೆ ಕಂಡವರು ಚಾಮಯ್ಯ ಮೇಷ್ಟರು. ಹುಡುಗ ಅಲಮೇಲುವನ್ನು ಪ್ರೀತಿಸಿದ. ಜಾತಿ ಅಡ್ಡ ಬಂತು. ಮೇಷ್ಟರು ಹೇಳಿದರೆಂದು ಬಿಟ್ಟುಕೊಟ್ಟ. ಆಮೇಲೆ ಮಾರ್ಗರೆಟ್ಟಳನ್ನು ಪ್ರೀತಿಸಿದ. ಧರ್ಮ ಅಡ್ಡ ಬಂತು. ಈ ಸಲವೂ ಮೇಷ್ಟರು ಹುಡುಗನ ಕಡೆ ನಿಲ್ಲಲಿಲ್ಲ, ಸಮಾಜದ ಕಡೆ ನಿಂತರು. ಚಿತ್ರದ ಕೊನೆಯಲ್ಲಿ ಮೇಷ್ಟರೂ ಉಳಿಯುವುದಿಲ್ಲ, ಆ ಎರಡು ಎಳೆಯ ಜೀವಗಳೂ ಉಳಿಯುವುದಿಲ್ಲ.

ಆ ಚಿತ್ರದೊಂದಿಗೆ ನನ್ನದೊಂದು ಸ್ವಂತ ಲೆಕ್ಕವಿದೆ. 1974ರಲ್ಲಿ ನಾನು ಎಸ್.ಎಸ್.ಎಲ್.ಸಿ. ಕಟ್ಟಿದ್ದೆ. ಆಗ ಫಲಿತಾಂಶ ಪತ್ರಿಕೆಯಲ್ಲಿ ನಂಬರುಗಳಾಗಿ ಬರುತ್ತಿತ್ತು. ಶಿರಾದ ಬಸ್ ನಿಲ್ದಾಣದಲ್ಲಿ ಯಾರದೋ ಕೈಯಿಂದ ಪತ್ರಿಕೆ ಇಸಿದುಕೊಂಡು ನೋಡಿದೆ. ನನ್ನ ಹಿಂದಿನ ನಂಬರಿತ್ತು, ಮುಂದಿನ ನಂಬರಿತ್ತು, ನನ್ನದಿರಲಿಲ್ಲ. ಲೆಕ್ಕದಲ್ಲಿ ಹೋಗಿತ್ತು. ಪರೀಕ್ಷೆಯ ಫೀಸಿಗೆ ನಮ್ಮಪ್ಪ ಕಡಲೆಕಾಯಿ ಮಾರಿದ್ದರು. ಅದೂ ಬಿತ್ತನೆಗೆಂದು ಇಟ್ಟುಕೊಂಡಿದ್ದದ್ದು. ಊರಿಗೆ ಹೋಗಲು ಕಾಲು ಬರಲಿಲ್ಲ. ಜೇಬಿನಲ್ಲಿದ್ದ ಬಸ್ ಚಾರ್ಜನ್ನು ಕೊಟ್ಟು ಟೆಂಟಿನಲ್ಲಿ ಎರಡನೇ ಆಟಕ್ಕೆ ಕುಳಿತೆ. ಆಡುತ್ತಿದ್ದದ್ದು ‘ನಾಗರಹಾವು’.

ಆ ಕೊನೆಯ ದೃಶ್ಯ ಆ ರಾತ್ರಿ ನನಗೆ ಎಷ್ಟು ಭವ್ಯವಾಗಿ ಕಂಡಿತೆಂದು ಹೇಳಿದರೆ ಈಗ ನಾಚಿಕೆಯಾಗುತ್ತದೆ. ಆಟ ಬಿಟ್ಟಿತು. ಜನ ಹೋದರು. ನಾನು ಮರಳಿನ ಮೇಲೆ ಕುಳಿತೇ ಇದ್ದೆ. ಗೇಟಿನಲ್ಲಿ ಟಿಕೆಟ್ಟು ಹರಿಯುವವನು ಬಂದು ನೋಡಿದ.

“ಏನಪ್ಪಾ, ನಂಬರ್ ಬರ್ಲಿಲ್ವಾ?” ಎಂದ. ಅವನಿಗೆ ಹೇಗೆ ಗೊತ್ತಾಯಿತೋ ಕಾಣೆ. ಆ ವಾರವೆಲ್ಲ ನನ್ನಂಥವರನ್ನು ನೋಡಿದ್ದನೆಂದು ತೋರುತ್ತದೆ.

“ಯಾವುದು ಹೋಯ್ತು?”

“ಲೆಕ್ಕ.”

“ನಂದೂ ಲೆಕ್ಕಾನೇ. ಮೂರು ಸಲ ಕಟ್ಟಿ ಬಿಟ್ಟೆ. ಈಗ ದಿನಾ ಎರಡಾಟದ ದುಡ್ಡು ಎಣಿಸ್ತೀನಿ, ಒಂದು ಪೈಸೆ ತಪ್ಪಲ್ಲ.”

ನಾನು ನಗಲಿಲ್ಲ. ಅವನು ಪಕ್ಕದಲ್ಲಿ ಕುಳಿತು ಬೀಡಿ ಹಚ್ಚಿದ. ಸ್ವಲ್ಪ ಹೊತ್ತಿನ ಮೇಲೆ ಹೇಳಿದ: “ನೋಡಪ್ಪ, ಆ ರಾಮಾಚಾರಿ ನಾಳೆ ಮೊದಲನೇ ಆಟಕ್ಕೆ ಎದ್ದು ಬರ್ತಾನೆ. ನಾಡಿದ್ದೂ ಬರ್ತಾನೆ. ನೀನು ಹಂಗೇನಾದ್ರೂ ಮಾಡ್ಕೊಂಡ್ರೆ ನಿಮ್ಮಪ್ಪಂಗೆ ಇನ್ನೊಂದು ಆಟ ಇಲ್ಲ.”

ನಾನು ಏನೆಂದುಕೊಂಡಿದ್ದೆನೆಂದು ನಾನು ಅವನಿಗೆ ಹೇಳಿರಲಿಲ್ಲ. ಅವನೇ ಕೇಳಿದ. ಆಗ ಅಳು ಬಂತು. ಅಲ್ಲೇ ಮಲಗಿಸಿ, ಬೆಳಗ್ಗೆ ತನ್ನ ಕೈಯಿಂದ ಚಾರ್ಜು ಕೊಟ್ಟು ಬಸ್ಸು ಹತ್ತಿಸಿದ. ಊರ ಗೇಟಿನಲ್ಲಿ ನಮ್ಮಪ್ಪ ನಿಂತಿದ್ದರು. ರಾತ್ರಿಯೆಲ್ಲ ಅಲ್ಲೇ ಇದ್ದರೆಂದು ಆಮೇಲೆ ತಿಳಿಯಿತು. ಬೈಯಲಿಲ್ಲ. “ನಡಿ, ಮುದ್ದೆ ಆರಿಹೋಗಿದೆ” ಎಂದರು. ಅಕ್ಟೋಬರಿನಲ್ಲಿ ಕಟ್ಟಿ ತೇರ್ಗಡೆಯಾದೆ. ಆಮೇಲೆ ನಾನೇ ಲೆಕ್ಕದ ಮೇಷ್ಟರಾಗಿ ಮೂವತ್ತು ವರ್ಷಕ್ಕೂ ಮೇಲೆ ಕೆಲಸ ಮಾಡಿದೆ.

ಈಗ ಹೇಳಿ, ನನ್ನನ್ನು ಸಾವಿನ ಕಡೆಗೆ ತಳ್ಳಿದ್ದು ಆ ಚಿತ್ರವೆ? ಅಲ್ಲ. ಟೆಂಟಿಗೆ ಬರುವ ಮೊದಲೇ ನಾನು ಅರ್ಧ ದಾರಿ ಹೋಗಿದ್ದೆ. ನನ್ನನ್ನು ಅಲ್ಲಿಗೆ ಕಳಿಸಿದ್ದು ಪತ್ರಿಕೆಯಲ್ಲಿಲ್ಲದ ನಂಬರು, ಮಾರಿದ್ದ ಬಿತ್ತನೆ ಬೀಜ, ಊರಿನ ಬಾಯಿ. ಚಿತ್ರ ಆ ದುಃಖಕ್ಕೆ ಒಂದು ರೂಪ ಕೊಟ್ಟಿತು, ಅಷ್ಟೆ. ಅಷ್ಟೂ ಅಪಾಯವೇ, ಇಲ್ಲವೆನ್ನುವುದಿಲ್ಲ. ಆದರೆ ಆ ರಾತ್ರಿ ಟೆಂಟನ್ನು ಮುಚ್ಚಿಸಿದ್ದರೆ ನಾನು ಉಳಿಯುತ್ತಿರಲಿಲ್ಲ. ಟೆಂಟಿನಲ್ಲಿ ಒಬ್ಬ ಮನುಷ್ಯನಿದ್ದದ್ದರಿಂದ ಉಳಿದೆ.

ಮೊಜಾರ್ಟನ ‘ಮಾಯಾ ಕೊಳಲು’ ಎಂಬ ಗೀತನಾಟಕ 1791ರದು. ಅದರಲ್ಲಿ ಹಕ್ಕಿ ಹಿಡಿಯುವ ಪಾಪಗೇನೊ ಪ್ರಾಣ ಬಿಡಲು ಹೊರಟಾಗ ಮೂವರು ಹುಡುಗರು ಬಂದು, ನಿನ್ನ ಬಳಿ ಗಂಟೆಗಳಿವೆಯಲ್ಲ, ಬಾರಿಸಿ ನೋಡು ಎಂದು ನೆನಪಿಸುತ್ತಾರೆ. ಅವನು ಉಳಿಯುತ್ತಾನೆ. ಸಂಕಟದಿಂದ ಪಾರಾಗಿ ಬಂದವರ ಕಥೆಗಳು ಸಂಕಟದಲ್ಲಿರುವವರನ್ನು ಉಳಿಸಬಲ್ಲವೆಂದು ಆಸ್ಟ್ರಿಯದ ಸಂಶೋಧಕರು 2010ರಲ್ಲಿ ತೋರಿಸಿ, ಅದಕ್ಕೆ ಪಾಪಗೇನೊ ಪರಿಣಾಮವೆಂದು ಕರೆದರು. ನನ್ನ ಪಾಪಗೇನೊ ಕಥೆಯಲ್ಲಿ ಬೀಡಿ ಸೇದುವ ಗೇಟಿನವನಿದ್ದ.

ಮಿತ್ರರೇ, ಈಗ ಆ ಎರಡು ಕಥೆಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಹ್ಯಾನಾಳ ಹದಿಮೂರನೆಯ ಕಾರಣ ಯಾರೆಂದು ಬಲ್ಲಿರಾ? ಶಾಲೆಯಲ್ಲಿ ಮಕ್ಕಳ ಅಹವಾಲು ಕೇಳುವ ಹೊಣೆ ಹೊತ್ತಿದ್ದ ಪೋರ್ಟರ್ ಎಂಬ ಮೇಷ್ಟರು. ಅವಳು ಅವರ ಕೋಣೆಗೆ ಹೋಗಿ ತಡವರಿಸಿ ಹೇಳುತ್ತಾಳೆ. ಅವರು ಅರೆಮನಸ್ಸಿನಿಂದ ಕೇಳಿ, ಆದದ್ದು ಆಯಿತು, ಮರೆತು ಮುಂದೆ ಹೋಗು ಎಂಬರ್ಥದ ಮಾತಾಡುತ್ತಾರೆ. ಅವಳು ಹೊರಗೆ ಬಂದು, ಹಿಂದೆಯೇ ಬಂದಾರೇನೋ ಎಂದು ಬಾಗಿಲ ಬಳಿ ನಿಲ್ಲುತ್ತಾಳೆ. ಬಾಗಿಲು ತೆರೆಯುವುದಿಲ್ಲ. ರಾಮಾಚಾರಿಯೂ ಕೊನೆಗೆ ಹೋದದ್ದು ಮೇಷ್ಟರ ಬಳಿಗೇ. ಅಮೆರಿಕದ ಕಥೆಯಲ್ಲೂ ದುರ್ಗದ ಕಥೆಯಲ್ಲೂ ಕೊನೆಯ ಬಾಗಿಲು ಮೇಷ್ಟರ ಬಾಗಿಲು. ಈ ಪುಸ್ತಕ ಮಕ್ಕಳ ಕೈಗೆ ಸಿಕ್ಕಬಾರದೆಂದು ನಾವು ಗದ್ದಲ ಮಾಡುತ್ತಿದ್ದೇವೆ. ಅದು ಮೊದಲು ನಮ್ಮ ಕೈಗೆ ಸಿಕ್ಕಬೇಕಾದ ಪುಸ್ತಕ. ಅದರಲ್ಲಿರುವ ಆಪಾದನೆ ನಮ್ಮ ಮೇಲಿನದು.

ಇದನ್ನು ಇತರರಿಗೆ ಹೇಳುವ ಮೊದಲು ನನ್ನದನ್ನು ಹೇಳಬೇಕು. ಹಲವು ವರ್ಷಗಳ ಹಿಂದಿನ ಮಾತು. ನಾನು ಸ್ಟಾಫ್ ರೂಮಿನಲ್ಲಿ ಕುಳಿತು ಅಂಕಗಳ ಪಟ್ಟಿ ತಯಾರಿಸುತ್ತಿದ್ದೆ. ಮಾರನೆಯ ದಿನ ತನಿಖೆಗೆ ಮೇಲಿನವರು ಬರುವವರಿದ್ದರು. ಒಬ್ಬ ಹುಡುಗ ಬಾಗಿಲಲ್ಲಿ ನಿಂತು, “ಸಾರ್, ಒಂದು ಮಾತು ಹೇಳಬೇಕಿತ್ತು” ಎಂದ. ನಾನು ತಲೆಯೆತ್ತದೆ, “ನಾಳೆ ಬಾರಪ್ಪ” ಎಂದೆ. “ಆಗಲಿ ಸಾರ್” ಎಂದು ಹೋದ. ನಾಳೆ ಅವನು ಬರಲಿಲ್ಲ. ಮೂರನೆಯ ದಿನ ಅವನಿಗಾಗಿ ಶಾಲೆಗೆ ರಜಾ ಕೊಟ್ಟೆವು. ಏನು ಹೇಳಬೇಕೆಂದಿದ್ದನೋ ನನಗೆ ಇಂದಿಗೂ ತಿಳಿಯದು. ಕೇಳಿದ್ದರೆ ಉಳಿಯುತ್ತಿದ್ದನೆ? ಅದನ್ನೂ ಹೇಳಲಾರೆ. ಯಾವ ಸಾವಿಗೂ ಒಂದೇ ಕಾರಣವಿರುವುದಿಲ್ಲ. ಆದರೆ ಟೆಂಟಿನ ಗೇಟಿನವನು ನನಗೆ ಕೊಟ್ಟ ಅರ್ಧ ಗಂಟೆಯನ್ನು ಮೇಷ್ಟರಾದ ನಾನು ಆ ಹುಡುಗನಿಗೆ ಕೊಡಲಿಲ್ಲ. ಆ ಅಂಕಗಳ ಪಟ್ಟಿಯನ್ನು ತನಿಖೆಗೆ ಬಂದವರು ತಿರುವಿ ಕೂಡ ನೋಡಲಿಲ್ಲ.

ನನ್ನ ತಪ್ಪು ನನ್ನದು. ಆದರೆ ಉಪಾಧ್ಯಾಯನ ತಲೆ ಮೇಲೆತ್ತದಂತೆ ಹಿಡಿದಿರುವ ಕೈ ಒಂದಿದೆ. ತುಮಕೂರು ಜಿಲ್ಲೆಯಲ್ಲಿ ಎರಡು ಶೈಕ್ಷಣಿಕ ಜಿಲ್ಲೆಗಳು. ನಮ್ಮ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿ ಒಂದು. ಫಲಿತಾಂಶದ ದಿನ ರಾಜ್ಯದ ಎಲ್ಲ ಶೈಕ್ಷಣಿಕ ಜಿಲ್ಲೆಗಳನ್ನೂ ಮೇಲಿನಿಂದ ಕೆಳಗೆ ಸಾಲಾಗಿ ನಿಲ್ಲಿಸುತ್ತಾರೆ. ಸ್ಥಾನ ಇಳಿಯಿತೆಂದರೆ ಉಪನಿರ್ದೇಶಕರಿಗೆ ನೋಟೀಸು. ಅವರಿಂದ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ, ಅವರಿಂದ ಹೆಡ್‌ಮಾಸ್ತರಿಗೆ, ಅವರಿಂದ ಮೇಷ್ಟರಿಗೆ. ಮೇಷ್ಟರು ಅದನ್ನು ಯಾರಿಗೆ ದಾಟಿಸಬೇಕು? ಕೊನೆಯ ಬೆಂಚಿನ ಹುಡುಗನಿಗೆ. ಅವನಿಗಿಂತ ಕೆಳಗೆ ಯಾರೂ ಇಲ್ಲ. ಅವನು ಪಾವಗಡದ ಗಡಿಯ ಹಳ್ಳಿಯವನಿರಬಹುದು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಪ್ರಶ್ನೆಪತ್ರಿಕೆಯಲ್ಲಿ ಪುಸ್ತಕದ ಕನ್ನಡ. ಮಳೆ ತಪ್ಪಿದ ವರ್ಷ ಅಪ್ಪ ಅಮ್ಮ ಬೆಂಗಳೂರಿಗೆ ಕೂಲಿಗೆ ಹೋಗಿ, ಅಜ್ಜಿಯ ಬಳಿ ಉಳಿದವನಿರಬಹುದು. ಅಂಕಗಳ ಪಟ್ಟಿಯಲ್ಲಿ ಇದಕ್ಕೆ ಕಲಮು ಇಲ್ಲ.

ಆ ನಂಬರಾದರೂ ಬ್ರಹ್ಮಲಿಪಿಯೆ? 2024ರಲ್ಲಿ ಸರ್ಕಾರವೇ ವರ್ಷಕ್ಕೆ ಮೂರು ಪರೀಕ್ಷೆ ಮಾಡಿತು. ಒಂದರಲ್ಲಿ ಹೋದರೆ ಇನ್ನೆರಡು ಇದ್ದುವು. ತೇರ್ಗಡೆಗೆ ಶೇಕಡ 35 ಬೇಕಾಗಿದ್ದದ್ದನ್ನು 2025ರ ಅಕ್ಟೋಬರಿನಲ್ಲಿ 33ಕ್ಕೆ ಇಳಿಸಿದರು. ಇದರ ಅರ್ಥವೇನು? ಹಳೆಯ ನಿಯಮದಲ್ಲಿ ದಡ್ಡನೆನಿಸಿಕೊಂಡು ಮೂಲೆ ಸೇರಿದ ಹುಡುಗ ಹೊಸ ನಿಯಮದಲ್ಲಿ ಪಾಸಾದವನು. ಹುಡುಗ ಬದಲಾಗಲಿಲ್ಲ, ಗೆರೆ ಬದಲಾಯಿತು. ಒಂದು ಸುತ್ತೋಲೆಯಿಂದ ಸರಿಯುವ ಗೆರೆಗೆ ಒಂದು ಜೀವವನ್ನು ತೂಗುಹಾಕುವುದು ಯಾವ ನ್ಯಾಯ?

ಹೆಣ್ಣುಮಕ್ಕಳದು ಬೇರೆಯೇ ಕಷ್ಟ. ಹ್ಯಾನಾಳ ಕಥೆ ಶುರುವಾಗುವುದು ಗಾಳಿಮಾತಿನಿಂದ. ನಮ್ಮಲ್ಲಿ ಒಂದು ಫೋಟೋ ಮೊಬೈಲಿನಿಂದ ಮೊಬೈಲಿಗೆ ಹೋಗುತ್ತದೆ. ಬಸ್ಸಿನಲ್ಲಿ ಒಬ್ಬ ಕೆಣಕುತ್ತಾನೆ. ಹುಡುಗಿ ಮನೆಯಲ್ಲಿ ಹೇಳಿದರೆ ಏನಾಗುತ್ತದೆ? ಕೆಣಕಿದವನ ಬಸ್ಸು ನಿಲ್ಲುವುದಿಲ್ಲ, ಅವಳ ಶಾಲೆ ನಿಲ್ಲುತ್ತದೆ. ಮರುತಿಂಗಳು ಗಂಡು ಹುಡುಕುತ್ತಾರೆ. ಅದು ತಿಳಿದೇ ಅವಳು ಹೇಳುವುದಿಲ್ಲ. ಬಾಲ್ಯವಿವಾಹ ತಡೆಯುವ ಕಾಯಿದೆ 2006ರಿಂದ ಇದೆ. ಕರ್ನಾಟಕ ಅದಕ್ಕೆ ತಿದ್ದುಪಡಿ ತಂದು ಅಂಥ ಮದುವೆಯೇ ಅಸಿಂಧುವೆಂದಿದೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧಕ್ಕೆ 2012ರ ಪೋಕ್ಸೊ ಕಾಯಿದೆ ಇದೆ. ಆದರೆ ಹೇಳಿದವಳಿಗೇ ಶಿಕ್ಷೆ ಎಂಬ ಮನೆಯ ಕಾಯಿದೆ ಇರುವವರೆಗೆ ಈ ಕಾಯಿದೆಗಳು ಅವಳವರೆಗೆ ಬಂದು ಮುಟ್ಟುವುದಿಲ್ಲ. ಪುಸ್ತಕ ಕಂಡು ಗಾಬರಿಯಾದ ಆ ತಂದೆಯವರನ್ನು ಒಂದೇ ಪ್ರಶ್ನೆ ಕೇಳುತ್ತೇನೆ: ಮಗಳು ಆ ಪುಸ್ತಕವನ್ನೇ ಏಕೆ ಆರಿಸಿಕೊಂಡಳೆಂದು ಅವಳನ್ನು ಕೇಳಿದಿರಾ? ಸುಮ್ಮನೆ ಕುತೂಹಲವಿರಬಹುದು. ಬಹುಮಟ್ಟಿಗೆ ಅಷ್ಟೇ ಇರುತ್ತದೆ. ಆದರೂ ಕೇಳಬೇಕಿತ್ತು.

ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ಹಾಕಿದಂತಾಗುವುದಿಲ್ಲವೆ ಎಂದು ಹಲವರು ಹೆದರುತ್ತಾರೆ. ಆಗುವುದಿಲ್ಲ. ಸಾಯಬೇಕೆನಿಸುತ್ತಿದೆಯೆ ಎಂದು ನೇರವಾಗಿ, ಮೆಲ್ಲಗೆ ಕೇಳಿದರೆ ಆ ಯೋಚನೆ ಹೆಚ್ಚುವುದಿಲ್ಲ, ಎದೆಯ ಭಾರ ಇಳಿಯುತ್ತದೆಂದು ಮನೋವೈದ್ಯರು ಹೇಳುತ್ತಾರೆ. ಅಂಥ ಗಳಿಗೆ ಸಾಮಾನ್ಯವಾಗಿ ಬಂದು ಹೋಗುವ ಗಳಿಗೆ. ಶ್ರೀಲಂಕಾದವರು ಘೋರ ವಿಷದ ಕೀಟನಾಶಕಗಳನ್ನು 1995ರಿಂದ ಒಂದೊಂದಾಗಿ ನಿಷೇಧಿಸಿದರು. ಆಮೇಲೆ ಅಲ್ಲಿ ಆತ್ಮಹತ್ಯೆಗಳು ಶೇಕಡ 70ರಷ್ಟು ಇಳಿದುವು. ಕಷ್ಟಗಳೇನೂ ಮಾಯವಾಗಲಿಲ್ಲ, ಕೈಗೆಟಕುವ ವಿಷ ಕಡಮೆಯಾಯಿತು, ಗಳಿಗೆ ಕಳೆಯಿತು, ಜನ ಉಳಿದರು. ಆದ್ದರಿಂದ ರೈತ ಬಂಧುಗಳೇ, ಹೊಲಕ್ಕೆ ಹೊಡೆಯುವ ಔಷಧಿಯನ್ನು ಮನೆಯ ಗೂಡಿನಲ್ಲಿಡಬೇಡಿ. ಬೀಗ ಹಾಕಲೇಬೇಕೆಂದಿದ್ದರೆ ಅದಕ್ಕೆ ಹಾಕಿ.

ಅಂಕಿಅಂಶ ಒಂದನ್ನು ಮಾತ್ರ ಹೇಳುತ್ತೇನೆ. 2022ರಲ್ಲಿ ಭಾರತದಲ್ಲಿ ಆತ್ಮಹತ್ಯೆಯಿಂದ ಸತ್ತವರು 1,70,924 ಜನ ಎಂದು ಸರ್ಕಾರದ ಅಪರಾಧ ದಾಖಲೆಗಳ ಬ್ಯೂರೋ ಹೇಳುತ್ತದೆ. ಅವರಲ್ಲಿ ವಿದ್ಯಾರ್ಥಿಗಳು 13,044. ದಿನಕ್ಕೆ ಮೂವತ್ತೈದು ಮಕ್ಕಳಾಯಿತು. ಒಂದು ತರಗತಿಯ ಹಾಜರಿ ಪುಸ್ತಕ. ಇವರಲ್ಲಿ ಎಷ್ಟು ಮಂದಿ ಆ ಇಂಗ್ಲಿಷ್ ಕಾದಂಬರಿ ಓದಿದ್ದಾರು?

ಹಾಗಾದರೆ ಮಾಡಬೇಕಾದದ್ದೇನು? 2025ರ ಜುಲೈ 25ರಂದು ಸುಪ್ರೀಂ ಕೋರ್ಟು ಒಂದು ತೀರ್ಪಿನಲ್ಲಿ, ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ವಿದ್ಯಾಸಂಸ್ಥೆಯಲ್ಲೂ ತರಬೇತಾದ ಆಪ್ತಸಲಹೆಗಾರರೊಬ್ಬರು ಇರಬೇಕೆಂದೂ, ಅದಕ್ಕಿಂತ ಚಿಕ್ಕವು ಹೊರಗಿನ ತಜ್ಞರೊಡನೆ ಸಂಪರ್ಕ ಇಟ್ಟುಕೊಳ್ಳಬೇಕೆಂದೂ ಹೇಳಿದೆ. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಎಷ್ಟು ಶಾಲೆಗಳಿಗೆ ಅಂಥವರು ಬಂದಿದ್ದಾರೆ? ಸರ್ಕಾರ ಲೆಕ್ಕ ಕೊಡಲಿ. ಮನಸ್ಸಿನ ಕಾಯಿಲೆಗೆ ಜಿಲ್ಲೆಯಲ್ಲೇ ಚಿಕಿತ್ಸೆ ಕೊಡಬಹುದೆಂದು ದೇಶಕ್ಕೆ ತೋರಿಸಿಕೊಟ್ಟದ್ದು ನಮ್ಮ ರಾಜ್ಯವೇ; 1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಆರಂಭಿಸಿದ ಕೆಲಸ ಮುಂದೆ ರಾಷ್ಟ್ರಕ್ಕೇ ಮಾದರಿಯಾಯಿತು. ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರನ್ನು ಕಳಿಸುವ ಮನೋಚೈತನ್ಯ ಎಂಬ ಕಾರ್ಯಕ್ರಮವನ್ನೂ ರಾಜ್ಯ ಮಾಡಿತು. ನಮ್ಮ ಆಸ್ಪತ್ರೆಗಳಿಗೆ ಅವರು ಬಂದದ್ದೆಷ್ಟು ಸಲ ಎಂದು ಕೇಳುವುದು ಭಿಕ್ಷೆಯಲ್ಲ, ಹಕ್ಕು.

ಸರ್ಕಾರದ್ದು ಅದು, ನಮ್ಮದು ಇದು. ಫಲಿತಾಂಶದ ದಿನ ಶಾಲೆಗಳ ಬಾಗಿಲು ತೆರೆದಿರಲಿ. ಮೊದಲು ಬಂದವರ ಮನೆಗೆ ಹಾರ ಹಿಡಿದು ಹೋಗುವ ಮುನ್ನ, ನಪಾಸಾದವರ ಮನೆಗೆ ಮೇಷ್ಟರು ಬರಿಗೈಯಲ್ಲಾದರೂ ಹೋಗಲಿ. ಮುಂದಿನ ಪರೀಕ್ಷೆಯ ಅರ್ಜಿ ತುಂಬಿಸಿಯೇ ಎದ್ದು ಬರಲಿ. ಪೋಷಕರು ಅಂದು ಪಕ್ಕದ ಮನೆಯ ಹುಡುಗನ ಅಂಕ ಕೇಳದಿರಲಿ. ಪತ್ರಿಕೆಯವರೂ ಇಲ್ಲಿದ್ದಾರೆ, ಅವರಲ್ಲಿ ಒಂದು ಮನವಿ. ಸತ್ತ ಮಗುವಿನ ಫೋಟೋ, ಚೀಟಿ, ಸತ್ತ ಬಗೆ ಇವನ್ನು ಅಚ್ಚು ಮಾಡಬೇಡಿ. ಅಂಕ ಕಡಮೆ ಬಂತೆಂದು ಸತ್ತ ಎಂದು ಒಂದೇ ಸಾಲಿನಲ್ಲಿ ತೀರ್ಪು ಬರೆಯಬೇಡಿ. ಕಾದಂಬರಿಗೆ ನಾವು ಹಿಡಿಯುವ ಕನ್ನಡಿಯನ್ನು ಪತ್ರಿಕೆಗೂ ಹಿಡಿಯಬೇಕು.

ಪೊಲೀಸು ಕೇಸಾಗುತ್ತದೆಂದು ಬದುಕುಳಿದವರನ್ನು ಬಚ್ಚಿಡುವ ಕಾಲ ಹೋಯಿತು. ಆತ್ಮಹತ್ಯೆಯ ಪ್ರಯತ್ನವನ್ನು ಅಪರಾಧವೆನ್ನುತ್ತಿದ್ದ ಹಳೆಯ ದಂಡಸಂಹಿತೆಯ 309ನೆಯ ಕಲಮು 2024ರ ಜುಲೈ 1ರಿಂದ ಇಲ್ಲ. ಈಗ ಅದು ಚಿಕಿತ್ಸೆಯ ವಿಷಯ. ಟೆಲಿಮಾನಸ್ ಎಂಬ ಸರ್ಕಾರಿ ಸಹಾಯವಾಣಿ 2022ರ ಅಕ್ಟೋಬರ್ 10ರಂದು ಆರಂಭವಾಗಿದೆ. ನಂಬರು 14416. ಹಗಲಾಗಲಿ ರಾತ್ರಿಯಾಗಲಿ ಕನ್ನಡದಲ್ಲೇ ಮಾತನಾಡಬಹುದು, ದುಡ್ಡು ಬೇಕಿಲ್ಲ. ಮಕ್ಕಳ ಸಹಾಯವಾಣಿ 1098. ಈ ಎರಡು ನಂಬರುಗಳನ್ನು ಪ್ರತಿ ಶಾಲೆಯ ಗೋಡೆಯ ಮೇಲೂ ಬರೆಸೋಣ. ಸುಣ್ಣ ಬಣ್ಣದ ಖರ್ಚು ನನ್ನ ಪಿಂಚಣಿಯಿಂದ ಕೊಡುತ್ತೇನೆ.

ಕೊನೆಯದಾಗಿ ಆ ಬೀರು. ಹೆಡ್‌ಮಾಸ್ತರರು ದಯವಿಟ್ಟು ಬೀಗ ತೆಗೆಸಬೇಕು. ಆ ಕಾದಂಬರಿಯನ್ನು ಓದಬೇಕೆನ್ನುವ ಮಕ್ಕಳು ಮೇಷ್ಟರೊಡನೆಯೋ ತಾಯಿಯೊಡನೆಯೋ ಕುಳಿತು ಓದಲಿ. ಅದರ ಸುಳ್ಳು ಯಾವುದು, ನಿಜ ಯಾವುದು ಎಂದು ಜಗಳವಾಡಲಿ. ಕರೆದರೆ ನಾನೂ ಬಂದು ಕೂರುತ್ತೇನೆ. ಮನಸ್ಸು ತೀರ ನೊಂದಿರುವ ಮಗುವಿಗೆ ಈಗ ಅದು ಬೇಡ, ಇದನ್ನು ಓದು ಎಂದು ಇನ್ನೊಂದನ್ನು ಕೊಡುವ ವಿವೇಕವೂ ಇರಲಿ. ಆದರೆ ಆ ವಿವೇಕಕ್ಕೆ ಮೊದಲು ಮಗುವಿನ ಮನಸ್ಸು ನಮಗೆ ಗೊತ್ತಿರಬೇಕು. ಬೀಗ ಹಾಕುವವನಿಗೆ ಅದು ಗೊತ್ತಾಗುವುದಿಲ್ಲ.

ಹಿಂದಿನ ಸಾಲಿನ ಮಕ್ಕಳೇ, ನಿಮಗೆ ಎರಡೇ ಮಾತು. ನಿಮ್ಮ ಜೊತೆಯವರು ಯಾರಾದರೂ ಇದ್ದಕ್ಕಿದ್ದಂತೆ ಮೌನವಾದರೆ, ತಮ್ಮ ಇಷ್ಟದ ವಸ್ತುಗಳನ್ನು ಹಂಚಿಬಿಟ್ಟರೆ, ನಾನಿಲ್ಲದಿದ್ದರೆ ಚೆನ್ನಾಗಿತ್ತು ಎಂದರೆ, ಅದನ್ನು ಗುಟ್ಟಾಗಿಡುವುದು ಸ್ನೇಹವಲ್ಲ, ದೊಡ್ಡವರೊಬ್ಬರಿಗೆ ಹೇಳಿ. ನಿಮಗೇ ಹಾಗೆ ಅನಿಸಿದರೆ ಒಂದು ಬಾಗಿಲು ತಟ್ಟಿ. ನನ್ನಂಥ ಮೂರ್ಖನೊಬ್ಬ ನಾಳೆ ಬಾ ಎಂದರೆ ನಾಳೆಗೆ ಕಾಯಬೇಡಿ. ಪಕ್ಕದ ಬಾಗಿಲು ತಟ್ಟಿ. ಅದೂ ತೆರೆಯದಿದ್ದರೆ ಇನ್ನೊಂದು. ತೆರೆಯುವವರು ಯಾರೆಂದು ಮೊದಲೇ ತಿಳಿಯುವುದಿಲ್ಲ. ನನ್ನ ಪಾಲಿಗೆ ಅವನು ಟೆಂಟಿನ ಗೇಟಿನಲ್ಲಿದ್ದ. ಅವನ ಹೆಸರು ಕೇಳಿಕೊಳ್ಳುವುದನ್ನೂ ಅಂದು ಮರೆತೆ.

ಸಭೆ ಮುಗಿದ ಮೇಲೆ ನಾನು ಕೊನೆಯ ಬಸ್ಸಿನವರೆಗೂ ಇಲ್ಲೇ ಹೊರಗಿನ ಜಗಲಿಯ ಮೇಲೆ ಕುಳಿತಿರುತ್ತೇನೆ. ಒಂದು ಮಾತು ಹೇಳಬೇಕೆಂದಿರುವವರು ಬರಬಹುದು.